ಒಂದೇ ರೂಟರ್, ಎರಡು ವೈಫೈ: ಮನೆಯಲ್ಲಿ ನೀವೇ ಸರಿಮಾಡಿಕೊಳ್ಳಿ

ಹಾಲ್‌ನಲ್ಲಿ ಕೂತರೆ ವಿಡಿಯೊ ಸರಾಗ, ಹಿಂದಿನ ಕೋಣೆಗೆ ಹೋದರೆ ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ದಾವಣಗೆರೆಯ ವಿದ್ಯಾನಗರದ ಹೊಸ ಮನೆಯಾಗಲಿ, ಚೌಕಿಪೇಟೆಯ ಉದ್ದನೆಯ ಹಳೇ ಮನೆಯಾಗಲಿ, ಈ ದೂರು ಇದ್ದದ್ದೇ. ಆಗ ಹೆಚ್ಚಿನವರು ಇನ್ನೂ ಜಾಸ್ತಿ ದುಡ್ಡಿನ ಪ್ಲಾನ್ ಹಾಕಿಸುತ್ತಾರೆ. ದಯವಿಟ್ಟು ಅದಕ್ಕೆ ಮುಂಚೆ ಒಂದು ಭಾನುವಾರ ಬೆಳಗ್ಗೆ ರೂಟರ್ ಮುಂದೆ ಕೂತು ಈ ಕೆಲಸ ಮಾಡಿ ನೋಡಿ. ಪ್ಲಾನ್ ಬದಲಿಸುವ ಅಗತ್ಯವೇ ಬಾರದಿರಬಹುದು.

ಈಗಿನ ರೂಟರ್‌ಗಳಲ್ಲಿ ಬಹಳಷ್ಟು ಡ್ಯುಯಲ್ ಬ್ಯಾಂಡ್. ಅಂದರೆ ಒಂದೇ ಪೆಟ್ಟಿಗೆಯಿಂದ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್, ಹೀಗೆ ಎರಡು ಸಿಗ್ನಲ್ ಬರುತ್ತವೆ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ವೇಗ ಕಡಿಮೆ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೊವೇವ್ ಓವನ್ ಎಲ್ಲವೂ ಅದೇ ಜಾಗದಲ್ಲಿ ಗದ್ದಲ ಮಾಡುತ್ತವೆ. 5ರಲ್ಲಿ ಗದ್ದಲ ಕಡಿಮೆ, ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಚಿತ್ರದುರ್ಗದ ಹಳೇ ಕಲ್ಲುಗೋಡೆ ಮನೆಗಳಲ್ಲಿ ಒಂದೇ ಗೋಡೆಗೆ ಸುಸ್ತಾಗಿಬಿಡುತ್ತದೆ.

ಹಾಗಾಗಿ ಮೊದಲು ಜಾಗ ನೋಡಿ. ಫೈಬರ್ ಹಾಕಲು ಬಂದವರು ತಂತಿ ಉಳಿಸಲು ಬಾಗಿಲ ಪಕ್ಕದಲ್ಲೋ ಟಿವಿ ಹಿಂದೆಯೋ ರೂಟರ್ ಸಿಕ್ಕಿಸಿ ಹೋಗಿರುತ್ತಾರೆ, ಅರ್ಧ ಸಿಗ್ನಲ್ ಬೀದಿಗೆ ಹೋಗುತ್ತದೆ. ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ, ತೆರೆದ ಜಾಗದಲ್ಲಿಡಿ. ಕಬ್ಬಿಣದ ಬೀರು, ಫ್ರಿಜ್, ದೊಡ್ಡ ಕನ್ನಡಿ ಪಕ್ಕ ಬೇಡವೇ ಬೇಡ. ಫೈಬರ್ ತಂತಿಯನ್ನು ಮಾತ್ರ ನೀವೇ ಎಳೆಯಲು ಹೋಗಬೇಡಿ, ಬಗ್ಗಿಸಿದರೆ ಒಳಗಿನ ಗಾಜು ಮುರಿಯುತ್ತದೆ. ಲೈನ್‌ನವರನ್ನೇ ಕರೆಸಿ.

ಆಮೇಲೆ ಸೆಟ್ಟಿಂಗ್. ವೈಫೈಗೆ ಸೇರಿದ ಫೋನಿನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಹೊಡೆಯಿರಿ. ಸರಿಯಾದ ವಿಳಾಸ, ಲಾಗಿನ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ತಳದ ಸ್ಟಿಕ್ಕರ್ ಮೇಲೆ ಇರುತ್ತವೆ. ಒಳಗೆ ಹೋದ ತಕ್ಷಣ ಆ ಲಾಗಿನ್ ಪಾಸ್‌ವರ್ಡ್ ಬದಲಿಸಿ, ಎಲ್ಲಾದರೂ ಬರೆದಿಡಿ.

ವೈರ್‌ಲೆಸ್ ಪುಟದಲ್ಲಿ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಎಂಬುದು ಕಾಣಬಹುದು. ಅದು ಎರಡಕ್ಕೂ ಒಂದೇ ಹೆಸರು ಇಟ್ಟು, ಯಾವ ಸಾಧನ ಎಲ್ಲಿಗೆ ಹೋಗಬೇಕೆಂದು ತಾನೇ ತೀರ್ಮಾನ ಮಾಡುತ್ತದೆ. ಮನೆಯಲ್ಲಿ ಎಲ್ಲವೂ ಹೊಸ ಫೋನ್, ಹೊಸ ಲ್ಯಾಪ್‌ಟಾಪ್ ಇದ್ದರೆ ಅದೇ ಸಾಕು. ಆದರೆ ನಮ್ಮ ಮನೆಗಳಲ್ಲಿ ಅಜ್ಜಿಯ ಹಳೇ ಫೋನ್ ಇರುತ್ತದೆ, ಪ್ರಿಂಟರ್ ಇರುತ್ತದೆ, ಸ್ಮಾರ್ಟ್ ಬಲ್ಬ್ ಇರುತ್ತದೆ, ಇವುಗಳಲ್ಲಿ ಹಲವು 2.4 ಬಿಟ್ಟು ಬೇರೆಯದನ್ನು ನೋಡುವುದೇ ಇಲ್ಲ. ಅದಕ್ಕೇ ಅದನ್ನು ಆಫ್ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರು ಕೊಡುವುದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ‘ಮನೆ 2’, ‘ಮನೆ 5’ ಎಂಬಂತೆ ಇಟ್ಟರೆ ಯಾರಿಗೂ ಗೊಂದಲ ಇರಲ್ಲ. ಹೆಸರಿನಲ್ಲಿ ಮನೆ ನಂಬರ್, ಫೋನ್ ನಂಬರ್ ಹಾಕಬೇಡಿ.

ಸೆಕ್ಯುರಿಟಿಯಲ್ಲಿ, ಅಂದರೆ ವೈಫೈಗೆ ಬೀಗ ಹಾಕುವ ವಿಧಾನಗಳ ಪಟ್ಟಿಯಲ್ಲಿ, ಡಬ್ಲ್ಯುಪಿಎ2 (WPA2) ಅಥವಾ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಎರಡೂ ಸೇರಿದ್ದನ್ನು ಆರಿಸಿ. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೇ ಸಾಧನಗಳು ಸೇರುವುದಿಲ್ಲ. ಪಾಸ್‌ವರ್ಡ್ ಹೊಡೆಯದೆ ಬಟನ್ ಒತ್ತಿ ಅಥವಾ ಪಿನ್ ಕೊಟ್ಟು ಸೇರಿಸುವ ಡಬ್ಲ್ಯುಪಿಎಸ್ (WPS) ಇದ್ದರೆ ಆಫ್ ಮಾಡಿ.

ಚಾನೆಲ್, ಅಂದರೆ ಸಿಗ್ನಲ್ ಓಡಾಡುವ ದಾರಿಯ ವಿಷಯದಲ್ಲಿ ಸ್ವಲ್ಪ ಗಮನ ಬೇಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ ಅಕ್ಕಪಕ್ಕದವರು ಯಾವುದರಲ್ಲಿದ್ದಾರೆ ನೋಡಿ, ಖಾಲಿ ಇರುವುದನ್ನು ಹಿಡಿಯಿರಿ, ಚಾನೆಲ್‌ನ ಅಗಲವನ್ನು (ಚಾನೆಲ್ ವಿಡ್ತ್) 20 ಮೆಗಾಹರ್ಟ್ಸ್‌ಗೆ ಇಡಿ. 40 ಇಟ್ಟರೆ ವೇಗ ಹೆಚ್ಚುತ್ತದೆ ಅನ್ನಿಸುತ್ತದೆ, ಆದರೆ ಮನೆಗಳು ಅಂಟಿಕೊಂಡಿರುವ ಬೀದಿಯಲ್ಲಿ ಅದು ಗದ್ದಲವನ್ನೇ ಹೆಚ್ಚಿಸುತ್ತದೆ. 5ರಲ್ಲಿ 80 ಮೆಗಾಹರ್ಟ್ಸ್ ಇಟ್ಟು ಚಾನೆಲ್ 36 ಅಥವಾ 149 ಕೊಡಿ. 52ರಿಂದ ಶುರುವಾಗುವ ಕೆಲವು ಚಾನೆಲ್‌ಗಳಲ್ಲಿ ರೂಟರ್ ಮೊದಲು ರೇಡಾರ್ ಇದೆಯೇ ಎಂದು ಆಲಿಸಬೇಕು, ಅದರಿಂದ ಸಿಗ್ನಲ್ ಬರುವುದು ತಡವಾಗುತ್ತದೆ.

ಈಗ ಹಂಚಿಕೆ. ಟಿವಿ, ಲ್ಯಾಪ್‌ಟಾಪ್, ಆನ್‌ಲೈನ್ ಕ್ಲಾಸಿನ ಟ್ಯಾಬ್ 5ಕ್ಕೆ. ಬಲ್ಬ್, ಪ್ರಿಂಟರ್, ಗೇಟಿನ ಕ್ಯಾಮೆರಾ 2.4ಕ್ಕೆ. ಟಿವಿ ರೂಟರ್ ಪಕ್ಕದಲ್ಲೇ ಇದ್ದರೆ ಲ್ಯಾನ್ ಕೇಬಲ್ ಹಾಕಿಬಿಡಿ, ಅದಕ್ಕಿಂತ ನೆಮ್ಮದಿಯದ್ದು ಇಲ್ಲ. ಮನೆಯೆಲ್ಲ ಓಡಾಡುವ ಫೋನಿನಲ್ಲಿ ಎರಡನ್ನೂ ಸೇವ್ ಮಾಡಿ. ಟಿವಿಯಲ್ಲಿ ಮಾತ್ರ ‘ಮನೆ 2’ ಹೆಸರನ್ನು ಅಳಿಸಿ, ಇಲ್ಲದಿದ್ದರೆ ಅದು ಸುಮ್ನೆ ಅದಕ್ಕೇ ಅಂಟಿಕೊಂಡುಬಿಡಬಹುದು. ಹೆಸರು ಎರಡಾದರೂ ಒಳಗಿನ ನೆಟ್‌ವರ್ಕ್ ಒಂದೇ, ಆದ್ದರಿಂದ 5ರಲ್ಲಿರುವ ಫೋನಿನಿಂದ 2.4ರಲ್ಲಿರುವ ಪ್ರಿಂಟರ್‌ಗೆ ಪ್ರಿಂಟ್ ಕೊಡಬಹುದು. ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿ, ಅದನ್ನು ಮನೆಯ ಸಾಧನಗಳಿಂದ ಬೇರೆಯಾಗಿಡುವ ಆಯ್ಕೆ ಹೆಚ್ಚಿನ ರೂಟರ್‌ಗಳಲ್ಲಿದೆ.

ಇಷ್ಟಾದ ಮೇಲೂ ಮಹಡಿ ಕೋಣೆಗೆ ಸಿಗ್ನಲ್ ಬರದಿದ್ದರೆ, ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಅಗ್ಗದ ರಿಪೀಟರ್ ತರಬೇಡಿ. ಕೇಳುವುದು, ಹೇಳುವುದು ಎರಡನ್ನೂ ಅದು ಒಂದೇ ಬ್ಯಾಂಡ್‌ನಲ್ಲಿ ಮಾಡುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮನೆಯಲ್ಲಿ ಹಳೇ ರೂಟರ್ ಬಿದ್ದಿದ್ದರೆ ಅದನ್ನೇ ಮೇಲೆ ಇಟ್ಟು, ಕೆಳಗಿನಿಂದ ಒಂದು ಲ್ಯಾನ್ ಕೇಬಲ್ ಎಳೆದು, ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹರಡುವ ಕೆಲಸಕ್ಕೆ) ಹಾಕಿ. ಆ ಮೋಡ್ ಇಲ್ಲವಾದರೆ ಅದರ ಐಪಿ ವಿಳಾಸವನ್ನು ಮೊದಲ ರೂಟರ್‌ಗಿಂತ ಬೇರೆಯಾಗಿಸಿ, ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ (DHCP) ಆಫ್ ಮಾಡಿ, ಆಮೇಲೆ ಕೇಬಲನ್ನು ಇಂಟರ್ನೆಟ್ ಒಳಬರುವ ವ್ಯಾನ್ (WAN) ಪೋರ್ಟಿಗಲ್ಲ, ಲ್ಯಾನ್ (LAN) ಪೋರ್ಟಿಗೇ ಚುಚ್ಚಿ.