ಹಾರ್ಡ್ ಡಿಸ್ಕ್ ಆಗಾಗ ಮಾಯವಾದರೆ ಮೊದಲು ಕೇಬಲ್ ನೋಡಿ

ಹಳೇ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತಿದ್ದರೆ, ಹೊಸದು ತರುವ ಮೊದಲು ಅದರ ಕೇಬಲ್ ಬಿಚ್ಚಿ ಮತ್ತೆ ಹಾಕಿ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಡೇಟಾ ಕೇಬಲ್, ಪವರ್ ಕೇಬಲ್ ಎರಡನ್ನೂ ನಾಲ್ಕೈದು ಸಲ ಮೆಲ್ಲಗೆ ಎಳೆದು ಒತ್ತಿ. ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಬೋರ್ಡ್) ಕಡೆಯ ತುದಿಯನ್ನು ಮರೆಯಬೇಡಿ, ಜಾಸ್ತಿ ಜನ ಅದನ್ನೇ ಬಿಡುತ್ತಾರೆ. ನಮ್ಮ ಕೊಡಗಿನ ಮಳೆಗಾಲ ಗೊತ್ತಲ್ವಾ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅದೇ ತೇವಕ್ಕೆ ಕನೆಕ್ಟರಿನ ಲೋಹದ ಮೇಲೆ ತೆಳು ಪದರ ಕಟ್ಟುತ್ತದೆ. ಎಳೆದು ಒತ್ತುವಾಗ ಅದು ಉಜ್ಜಿಹೋಗುತ್ತದೆ. ತುಂಬಾ ಹಳೇ ಮಾದರಿಯ ಅಗಲ ಪಟ್ಟಿ ಕೇಬಲ್ ಆದರೆ ಅಲುಗಿಸದೆ ನೇರ ಎಳೆಯಿರಿ, ಇಲ್ಲದಿದ್ದರೆ ಪಿನ್ ಬಾಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ, ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರಿನಲ್ಲಿ ಸಿ7 (C7, ಕೇಬಲಿನಲ್ಲಿ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ) ಸಾಲಿನ ಕೊನೆಯ ಸಂಖ್ಯೆ ಇನ್ನೂ ಏರುತ್ತಿದ್ದರೆ ಕೇಬಲನ್ನೇ ಬದಲಿಸಿ. 05 ಅಥವಾ ಸಿ5 (C5) ಸಾಲು, ಅಂದರೆ ಡಿಸ್ಕಿನ ಕೆಟ್ಟ ಅಥವಾ ಕೆಡುತ್ತಿರುವ ಜಾಗಗಳ ಎಣಿಕೆ, ಏರುತ್ತಿದ್ದರೆ ಡಿಸ್ಕ್ ಒಳಗೇ ಕೆಡುತ್ತಿದೆ, ಈ ಉಪಾಯ ನಡೆಯುವುದಿಲ್ಲ. ಮೊದಲು ಫೋಟೊ, ತೋಟದ ಲೆಕ್ಕ ಎಲ್ಲ ಕಾಪಿ ಮಾಡಿಕೊಳ್ಳಿ. ಟಕ್ ಟಕ್ ಸದ್ದು ಬಂದರಂತೂ ಸುಮ್ನೆ ಪದೇ ಪದೇ ಆನ್ ಮಾಡಬೇಡಿ, ಉಳಿದ ಡೇಟಾನೂ ಹೋಗುತ್ತದೆ.