ಅರಿವು ಕೇಂದ್ರದಲ್ಲಿ ಹದಿಹರೆಯದವರಿಗೊಂದು ಜಾಗ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಇಂದಿನ ಅರಿವು ಕೇಂದ್ರಗಳಲ್ಲಿ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತದೆಯಾದರೂ, ಹದಿಹರೆಯದವರು ಚಿಕ್ಕವರ ಚಿತ್ರಪುಸ್ತಕಗಳಿಗೂ ಹಿರಿಯರ ದಿನಪತ್ರಿಕೆಗಳ ಮೇಜಿಗೂ ಸೇರದೆ ಹೊರಗುಳಿಯುವುದುಂಟು. ಆದ್ದರಿಂದ ಮೊದಲು ಅವರಿಗೆಂದೇ ಒಂದು ಕಪಾಟು, ಒಂದು ಮೇಜು ಮೀಸಲಿಡಿ. ಪುಸ್ತಕಗಳ ಪಟ್ಟಿಯನ್ನು ಅವರನ್ನೇ ಕೂರಿಸಿಕೊಂಡು ಸಿದ್ಧಪಡಿಸಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಗದರ್ಶಿಗಳ ಜೊತೆಗೆ ಕಥೆ, ವಿಜ್ಞಾನ ಮತ್ತು ದೇಹದ ಬೆಳವಣಿಗೆಯನ್ನು ಸಂಕೋಚವಿಲ್ಲದೆ ತಿಳಿಸುವ ಪುಸ್ತಕಗಳೂ ಇರಲಿ, ಅಂಥವನ್ನು ಯಾರನ್ನೂ ಕೇಳದೆ ಕೈಗೆತ್ತಿಕೊಳ್ಳುವಂತಿರಲಿ. ಕಂಪ್ಯೂಟರ್ ಇದ್ದಲ್ಲಿ ಸರದಿಯ ಪಟ್ಟಿ ತೂಗುಹಾಕಿ. ಎಲ್ಲಕ್ಕಿಂತ ಮುಖ್ಯವಾದದ್ದು ವೇಳೆ: ಶಾಲೆ ಬಿಟ್ಟ ಮೇಲೂ ಬಾಗಿಲು ತೆರೆದಿರಬೇಕು, ಹುಡುಗಿಯರು ಕತ್ತಲಾಗುವ ಮುನ್ನ ಮನೆ ಸೇರುವಂತೆಯೂ ಇರಬೇಕು.