ಮರೆವಿನ ಸ್ಕ್ಯಾನ್ ರಿಪೋರ್ಟ್ ಓದುವುದು ಹೇಗೆ?

ಮೆದುಳಿನ ಸ್ಕ್ಯಾನ್ ಆಗಿ ರಿಪೋರ್ಟ್ ಕೈಗೆ ಬಂದರೆ ಮನೆಮಂದಿಯೆಲ್ಲ ಅದರಲ್ಲಿ ಹುಡುಕುವುದು ಒಂದೇ ಪದ: ಅಲ್ಝೈಮರ್ಸ್. ಬಹಳ ಸಲ ಆ ಪದ ಅಲ್ಲಿರುವುದೇ ಇಲ್ಲ. ಇದ್ದರೂ ಎಷ್ಟು ನಂಬಬೇಕು ಅನ್ನುವುದು, ಯಾವ ಸ್ಕ್ಯಾನ್ ಮಾಡಿದ್ದಾರೆ, ಯಾವ ಕಾಯಿಲೆಯಿಂದ ಬೇರ್ಪಡಿಸಲು ಹೊರಟಿದ್ದಾರೆ ಎಂಬುದರ ಮೇಲಿದೆ.

ಮೊದಲು ಎಂಆರ್‌ಐ

‘ಏನೇನಿಲ್ಲ’ ಎಂದು ಬರೆದ ಸಾಲುಗಳಿಂದ ಶುರು ಮಾಡಿ. ಗೆಡ್ಡೆ, ತಲೆಬುರುಡೆಯೊಳಗೆ ಶೇಖರವಾದ ರಕ್ತ, ಮೆದುಳಿನ ಕುಹರಗಳಲ್ಲಿ ತುಂಬಿಕೊಂಡ ನೀರು, ಇವೆಲ್ಲ ಮರೆವು ತರುತ್ತವೆ, ಚಿಕಿತ್ಸೆಯಿಂದ ಸುಧಾರಿಸಲೂಬಹುದು. ಎಂಆರ್‌ಐನಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನನ್ನ ಎಣಿಕೆ.

ಆಮೇಲೆ ಹಿಪೊಕ್ಯಾಂಪಸ್. ನೆನಪು ಕಟ್ಟುವ ಈ ಪುಟ್ಟ ಭಾಗ ಸವೆದಷ್ಟೂ ಅದರ ಪಕ್ಕದ ಸೀಳು ಅಗಲವಾಗಿ ಕಪ್ಪಗೆ ಕಾಣುತ್ತದೆ. ಸವೆತಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. 75 ವರ್ಷ ದಾಟದವರಿಗೆ 2 ಬಂದರೆ ಅಸಹಜ. ದಾಟಿದವರಲ್ಲಿ 2 ವಯಸ್ಸಿನ ಖಾತೆಗೆ ಹೋಗುತ್ತದೆ, 3 ಬಂದರೆ ಅನುಮಾನ. ಆದರೆ ಇಲ್ಲೇ ಎಡವುವುದು: ಮೆದುಳಿನ ಮುಂಭಾಗ, ಪಕ್ಕದ ಭಾಗ ಸವೆಯುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಎಂಬ ಬೇರೆ ಕಾಯಿಲೆಯಲ್ಲೂ ಈ ಭಾಗ ಸವೆಯುತ್ತದೆ. ಇನ್ನು ಬಿಳಿ ಚುಕ್ಕೆಗಳು. ವಯಸ್ಸಾದವರಲ್ಲಿ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತವೆ. ಒಂದಕ್ಕೊಂದು ಕೂಡಿಕೊಂಡು ಹರಡಿದ್ದರೆ ರಕ್ತನಾಳದ ತೊಂದರೆಯ ಪಾಲಿರಬಹುದು.

ಮೆದುಳಿನ ಕೆಲಸ ನೋಡುವ ಸ್ಕ್ಯಾನ್‌ಗಳು

ಎಫ್‌ಡಿಜಿ ಪೆಟ್ (ವಿಕಿರಣ ಸೂಸುವ ಸಕ್ಕರೆ ಚುಚ್ಚಿ ತೆಗೆಯುವ ಸ್ಕ್ಯಾನ್) ತೋರಿಸುವುದು ಗ್ಲೂಕೋಸ್ ಬಳಕೆ ಎಲ್ಲಿ ಕುಗ್ಗಿದೆ ಎಂಬುದನ್ನು. ಕಿವಿಯ ಮೇಲಿನಿಂದ ಹಿಂದಕ್ಕೆ ಕುಗ್ಗಿದ್ದರೆ ಅಲ್ಝೈಮರ್ಸ್ ಕಡೆ, ಹಣೆಯ ಹಿಂದೆ ಕುಗ್ಗಿದ್ದರೆ ಫ್ರಂಟೋಟೆಂಪೊರಲ್ ಕಡೆ, ತೀರಾ ಹಿಂದಲೆಗೂ ತಲುಪಿದ್ದರೆ ಲೂಯಿ ಬಾಡಿ (ಈ ಹೆಸರಿನ ಪ್ರೋಟೀನ್ ಉಂಡೆಗಳು ನರಕೋಶಗಳಲ್ಲಿ ಸೇರುವ ಇನ್ನೊಂದು ಡಿಮೆನ್ಶಿಯಾ) ಕಡೆ ವಾಲುತ್ತಾರೆ.

ಲೂಯಿ ಬಾಡಿ ಅನುಮಾನವಿದ್ದರೆ ಡೋಪಮಿನ್ (ಚಲನೆಗೆ ಬೇಕಾದ ಮೆದುಳಿನ ರಾಸಾಯನಿಕ) ಸ್ಕ್ಯಾನ್ ಇದೆ. ಸರಿಯಿದ್ದರೆ ಚಿತ್ರದಲ್ಲಿ ಎರಡು ಅಲ್ಪವಿರಾಮ ಎದುರುಬದುರು ಕೂತಂತೆ ಕಾಣುತ್ತದೆ. ಕಾಯಿಲೆಯಿದ್ದರೆ ಬಾಲ ಕರಗಿ ಬರೀ ಚುಕ್ಕೆ. 2007ರ ಅಧ್ಯಯನವೊಂದರಲ್ಲಿ ಇದು ಲೂಯಿ ಬಾಡಿ ಇರುವ ನೂರರಲ್ಲಿ ಸುಮಾರು 78 ಮಂದಿಯನ್ನು ಹಿಡಿಯಿತು, ಬೇರೆ ಡಿಮೆನ್ಶಿಯಾದ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಹೊರಗಿಟ್ಟಿತು. ಅಂದರೆ ‘ನಾರ್ಮಲ್’ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ.

ಪ್ರೋಟೀನ್ ನೋಡುವ ಸ್ಕ್ಯಾನ್‌ಗಳು

ಅಲ್ಝೈಮರ್ಸ್‌ನಲ್ಲಿ ಮೆದುಳಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನನ್ನು ಹುಡುಕುವ ಪೆಟ್ ‘ನೆಗೆಟಿವ್’ ಬಂದರೆ ಮರೆವಿಗೆ ಅಲ್ಝೈಮರ್ಸ್ ಕಾರಣವಾಗಿರುವ ಸಾಧ್ಯತೆ ತೀರಾ ಕಡಿಮೆ. ‘ಪಾಸಿಟಿವ್’ಗೆ ಆ ತೂಕವಿಲ್ಲ. ನೆನಪು ಚೆನ್ನಾಗಿರುವವರಲ್ಲೂ 50ರ ಹೊತ್ತಿಗೆ ಶೇ 10, 90ರ ಹೊತ್ತಿಗೆ ಶೇ 44ರಷ್ಟು ಮಂದಿಗೆ ಪಾಸಿಟಿವ್ ಬರುತ್ತದೆ. ಅಲ್ಝೈಮರ್ಸ್‌ನಲ್ಲೇ ಶೇಖರವಾಗುವ ಇನ್ನೊಂದು ಪ್ರೋಟೀನ್ ಆದ ಟೌನ ಪೆಟ್ ಈ ವಿಷಯದಲ್ಲಿ ವಾಸಿ: ಅಲ್ಝೈಮರ್ಸನ್ನು ಇತರ ನರನಾಶಕ ಕಾಯಿಲೆಗಳಿಂದ ಬೇರ್ಪಡಿಸುವಲ್ಲಿ, 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಡಿಯುವುದರಲ್ಲೂ ಹೊರಗಿಡುವುದರಲ್ಲೂ ಸುಮಾರು ಶೇ 90 ಸರಿ. ಆದರೆ ಇಳಿವಯಸ್ಸಿನಲ್ಲಿ ಎರಡು ಕಾಯಿಲೆ ಒಟ್ಟಿಗೆ ಇರುವುದು ಮಾಮೂಲು. ಅಲ್ಲಿ ‘ಇದೋ ಅದೋ’ ಎಂಬ ಪ್ರಶ್ನೆಯೇ ತಪ್ಪು.

ಡಾಕ್ಟರ ಹತ್ತಿರ ಹೋಗುವ ಮುನ್ನ

ಸ್ಕ್ಯಾನ್‌ಗೆ ಕಾಣದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿದ್ದೆಯಲ್ಲಿ ಕೂಗಿ ಒದೆಯುತ್ತಾರಾ? ಇಲ್ಲದ ಮನುಷ್ಯರು ಕಾಣುತ್ತಾರಾ? ಮರೆವು ನಿಧಾನವಾಗಿ ಬಂತೋ, ಒಮ್ಮೆಲೇ ಮೆಟ್ಟಿಲಿಳಿದಂತೆ ಕುಸಿಯಿತೋ? ಮೊದಲೆರಡಕ್ಕೆ ‘ಹೌದು’ ಎಂದಾದರೆ ಲೂಯಿ ಬಾಡಿ ಇರಬಹುದು. ಆ ಕಾಯಿಲೆಯಲ್ಲಿ ಭ್ರಮೆಗೆಂದು ಕೊಡುವ ಕೆಲವು ಮಾತ್ರೆಗಳಿಂದ ಮೈ ಸೆಟೆದುಕೊಂಡು ಅಪಾಯವಾಗುತ್ತದೆ. ರಿಪೋರ್ಟ್ ಕೊಡುವ ಮೊದಲೇ ಆ ಹಾಳೆ ಕೊಡಿ.